ಎಣಿಕೆ

ಚಿಮಣಿ ಅಂದರೆ ನಮ್ಮ ರಿಪ್ಪನ್‌ಪೇಟೆಯಲ್ಲಿ
ತಗಡಿನ ಬುಡ್ಡಿ, ಬತ್ತಿ, ಒಂದು ಪಾವು ಎಣ್ಣೆ.
ಲಾಂದ್ರದ ಗಾಜಿನೊಳಗೆ ಕೈ ತೂರಿಸಿ
ಬೂದಿ ಹಚ್ಚಿ ಒರೆಸಲು
ಮನೆಯಲ್ಲಿ ನನ್ನ ಕೈಯೇ ಸಣ್ಣದು.
ಅಂಥದಕ್ಕೂ ಸರ್ಟಿಫಿಕೇಟು ಇದೆಯೆಂದು
ಯಾರು ಕಂಡಿದ್ದರು?

ಮಾಚೇನಹಳ್ಳಿ, ಶೆಡ್ಡು ನಂಬರ್ ಹದಿನೇಳು.
ಹದಿನೆಂಟು ದಿನ. ಊಟ ಅವರದು, ಬಸ್ಸು ನಮ್ಮದು.
ಅಕ್ಕಿ ಗಿರಣಿಯ ಗುತ್ಯಪ್ಪ, ಬೇಕರಿಯ ಮುಬೀನ್,
ಎರಕದ ಕಾರ್ಖಾನೆಯ ಅಣ್ಣ ತಮ್ಮ
(ಒಬ್ಬನ ಹೆಸರು ಕೇಳಿದರೆ ಇನ್ನೊಬ್ಬ ಹೇಳುತ್ತಿದ್ದ),
ಮತ್ತೆ ನಾನು,
ನೆಹರೂ ರೋಡಿನ ಹೋಟೆಲ್ಲಿನ
ಪಾತ್ರೆ ತೊಟ್ಟಿಯಿಂದ ಎದ್ದು ಬಂದವಳು.

ಕಲಿಸುವವರು ರೆಬೆಲ್ಲೊ ಮೇಷ್ಟ್ರು.
ಭದ್ರಾವತಿಯಲ್ಲಿ ಬಾಯ್ಲರಿನ ಪಕ್ಕ ಮೂವತ್ತು ವರ್ಷ;
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.
ಏನಾದರೂ ಕೇಳುವುದಿದ್ದರೆ ಬಲಕ್ಕೆ ಹೋಗಬೇಕು.

ಬೆಂಕಿ ಆರಿದೆ ಅಂತ ಕಣ್ಣು ಹೇಳಿದರೆ ನಂಬಬೇಡಿ,
ಕೈಯ ಬೆನ್ನಿಂದ ವಿಚಾರಿಸಿ.
ಒಳಗಿಳಿದವರು ಗಟ್ಟಿಯಾಗಿ ಎಣಿಸುತ್ತಿರಿ.
ಎಣಿಕೆ ನಿಂತಿತೋ, ಹೊರಗಿದ್ದವರು
ಯಾಕೆ ಎಂದು ಕೇಳಬೇಡಿ, ಹಗ್ಗ ಎಳೆಯಿರಿ.
ಒಮ್ಮೆ ನಲವತ್ತೊಂದಕ್ಕೆ ನಿಂತಿತ್ತು, ಎಂದರು.
ಬೋರ್ಡು ಒರೆಸಿದರು.

ಸೊಂಟದ ಪಟ್ಟಿ ಗಂಡಸರ ಅಳತೆಯದು,
ಕೊನೆಯ ತೂತಿಗೆ ಬಿಗಿದರೂ ಮೊಣಕಾಲಿಗೆ ಜಾರುತ್ತಿತ್ತು.
ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ
ಇನ್ನೆರಡು ಹಾಕಿಸಿದೆ. ಹತ್ತು ರೂಪಾಯಿ.
ರಸೀದಿ ಇಲ್ಲವೆಂದು ಆಫೀಸು ಕೊಡಲಿಲ್ಲ.

ಕಲಿಯಲೆಂದು ನಿಲ್ಲಿಸಿದ ಚಿಮಣಿಯೋ,
ಹೊಚ್ಚ ಹೊಸ ತಗಡು, ಇಪ್ಪತ್ತಡಿ,
ಒಳಗೆ ಬಗ್ಗಿದರೆ ಬೈತಲೆ ತಿದ್ದಿಕೊಳ್ಳಬಹುದು.
ಪರೀಕ್ಷೆಗೆ ನಾಲ್ಕೇ ದಿನ. ತಿಕ್ಕಲು ಏನಿದೆ?
ಗುತ್ಯಪ್ಪ ಎರಡು ಮೂಟೆ ಉಮಿ ಹೊತ್ತು ತಂದ,
ಮುಬೀನ್ ಹಸಿ ಅಕೇಶಿಯಾ ಸೌದೆ,
ನಾನು ಬೋಂಡ ಕರಿದು ಕರಿದು ಕಪ್ಪಾದ ಎಣ್ಣೆ.
ಮೂರು ರಾತ್ರಿ ಪಾಳಿ ಹಾಕಿ ಕೂತು
ನಂದಾದೀಪ ಕಾಯುವವರ ಹಾಗೆ
ಹೊಗೆ ಕಾಯ್ದೆವು.
ಪಕ್ಕದ ಶೆಡ್ಡಿನವರು ಫೈರ್ ಎಂಜಿನ್ ಕರೆಸಿದರು.

ಮಸಿ ಎಷ್ಟು ವಿಧ? ವಿವರಿಸಿ. ಐದು ಅಂಕ.
ಪುಸ್ತಕದಲ್ಲಿರುವುದು ಮೂರು:
ಉದುರುವ ಹುಡಿ, ಏಳುವ ಹಕ್ಕಳೆ,
ಅರಗಿನ ಹಾಗೆ ಹೊಳೆದು ಅಂಟಿಕೊಂಡದ್ದು.
ಕಿಡಿ ತಾಗಿದರೆ ಹೊತ್ತುವುದು ಇದೇ ಮೂರನೆಯದು.
ನಾನು ನಾಲ್ಕನೆಯದನ್ನೂ ಬರೆದೆ. ಇಲ್ಲಣ.
ಜೇಡನ ನೂಲಿಗೆ ಹೊಗೆ ಕೂತು ತೂಗುವುದು.
ಬ್ರಷ್ಷು ಬಂದರೆ ಬ್ರಷ್ಷಿನ ಗಾಳಿಗೇ ಸರಿದು ನಿಲ್ಲುವುದು.
ಉಸಿರು ಹಿಡಿದು ಮೆಲ್ಲಗೆ ಸುತ್ತಬೇಕು,
ಕಡ್ಡಿಗೆ ಬೊಂಬಾಯಿ ಮಿಠಾಯಿ ಸುತ್ತಿದ ಹಾಗೆ.
ಅರ್ಧ ಅಂಕ ಜಾಸ್ತಿ ಹಾಕಿದ್ದರು,
ಐದಕ್ಕೆ ಐದೂವರೆ.

ಮಧ್ಯಾಹ್ನ ಒಳಗಿಳಿದೆ.
ನಮ್ಮದೇ ಮೂರು ರಾತ್ರಿ ಮೈಮೇಲೆ ಉದುರಿತು.
ಮೂವತ್ತೊಂಬತ್ತು. ನಲವತ್ತು.
ನಲವತ್ತೊಂದು ಅನ್ನುವಾಗ ಕೆಳಗಿನಿಂದ
ಇನ್ನೊಂದು ದನಿ ನನ್ನ ಜೊತೆ ಎಣಿಸಿತು.
ನಲವತ್ತೆರಡಕ್ಕೆ ಅದು ನನಗಿಂತ ಜೋರು.
ನಲವತ್ತಮೂರರಿಂದ
ಮತ್ತೆ ನಾನೊಬ್ಬಳೇ.

ಸರ್ಟಿಫಿಕೇಟು ಅಂಚೆಯಲ್ಲಿ ಬಂತು.
ಫೋಟೋದ ಕಣ್ಣಂಚಿನಲ್ಲಿ ಉಳಿದದ್ದನ್ನು
ಮಗಳು ಕಾಡಿಗೆ ಅಂದುಕೊಂಡಳು.
ಹೊಗೆನಾಳ ಶುಚಿಗಾರ, ಎಂದು ಅಚ್ಚಾಗಿದೆ.
ಪಕ್ಕದಲ್ಲಿ ಒಂದು ‘ತಿ’ ಕೂರುವಷ್ಟು
ಜಾಗವೇನೋ ಇತ್ತು.

ಮೊದಲ ಕೆಲಸ ಅದೇ ಹೋಟೆಲ್ಲು.
ಬೆಳಗಿನ ಜಾವ ಮೂರು, ಒಲೆಯ ಬೆನ್ನು ತಣ್ಣಗಿತ್ತು.
ಹಗ್ಗ ಹಿಡಿಯಲು ಯಾರಾದರೂ ಬೇಕು.
ತೊಟ್ಟಿಯ ಹತ್ತಿರ ಹೊಸ ಹುಡುಗಿ, ಕೈ ತುಂಬ ಸಬೀನ ಪುಡಿ.
ಎಣಿಕೆ ಬರುತ್ತದೇನೆ, ಅಂದೆ.
ಕೈ ಒರೆಸಿಕೊಂಡು ಎದ್ದು ಬಂದು
ಎಷ್ಟರ ತನಕ, ಅಂದಳು.